ಗೆರೆಯೂ ಮೈದಾನದ್ದೇ

ಬೆಳಗಿನ ಐದಕ್ಕೆ ಎಳೆದ ಸುಣ್ಣ
ಒಂಬತ್ತಕ್ಕೆ ಕೆಂಪಗಾಗಿರ್ತದೆ, ಇದು ತೋರಣಗಲ್ಲು.
ಅದಿರಿನ ಲಾರಿ ಎಬ್ಬಿಸೋ ಧೂಳಿಗೆ
ಬಿಳೀದು ಅಂದ್ರೆ ಆಗಿಬರಲ್ಲ.
ನಾನು ಜಂಬಣ್ಣ, ಮೈದಾನದ ಕೂಲಿ,
ಇಪ್ಪತ್ತೆರಡು ವರ್ಷದಿಂದ ಇದೇ ಡಬ್ಬಿ, ಇದೇ ದಾರ, ಇದೇ ಬೆನ್ನು.

ಫರ್ನೇಸು ನೋಡಿಕೊಳ್ಳಾಕೆ ಜಪಾನಿನಿಂದ ಬಂದ ಎಂಜಿನಿಯರನ ಹೆಂಡತಿ
ಟೌನ್‌ಶಿಪ್ಪಿನ ಗೇಟು ದಾಟಿ ಒಂದಿನ ನಡಕೊಂಡು ಬಂದ್ಲು.
ನನ್ನ ಗೆರೆ ನೋಡಿದ್ಲು. ಕುಂತ್ಲು. ಗೇಣು ಹಾಕಿದ್ಲು.
ಅರ್ಧ ಗೇಣಿಗಿಂತ ದಪ್ಪ ಇರಬಾರದಂತೆ.
ಹೊಟ್ಟೆ ಉರೀತು ನಂಗೆ, ಸುಳ್ಳು ಯಾಕೆ ಹೇಳ್ಲಿ.

ಹೆಸರು ಚಿಹಾರು. ಹುಡುಗೀರ ಬಾಯಾಗೆ ಚಿಯಾರಕ್ಕ.
ಕನ್ನಡ ಗೊತ್ತಿದ್ದದ್ದು ಏಳು ಮಾತು:
ಬಾ, ಬೇಡ, ಎಡಕ್ಕೆ, ಮತ್ತೆ, ತಲೆ ಎತ್ತು, ನೀರು ಕುಡಿ.
ಏಳನೇದು, ಊಟ ಆತಾ.

ತನ್ನ ಕತೆ ಹೇಳಿದ್ದು ಮಾತಿನಾಗಲ್ಲ.
ಒಂದು ಸಂಜೆ ನನ್ನ ಡಬ್ಬಿ ಇಸಗೊಂಡು
ನೆಲದ ಮ್ಯಾಲೆ ಸುಣ್ಣ ಉದುರಿಸ್ತಾ ಹೋದ್ಲು.
ಮೊದಲು ಒಂದು ಚುಕ್ಕಿ, ಸುತ್ತ ಹತ್ತು ಗೀಟು:
ಗಂಡುಹುಡುಗರ ತಂಡದಾಗೆ ಇವಳೊಬ್ಬಳೇ,
ಬಟ್ಟೆ ಬದಲಿಸಾಕೆ ಸೈಕಲ್ ಶೆಡ್ಡು.
ಆಮೇಲೆ ಮೀನು. ಮೀನಿನ ಪಕ್ಕ ಗಡಿಯಾರ:
ನಸುಕಿನಿಂದ ಎರಡರ ತನಕ ಮೀನಿನ ಕಾರ್ಖಾನೆ,
ಐದಕ್ಕೆ ಬೂಟು. ವಾಸನೆ ಹೋಗ್ತಿರಲಿಲ್ಲ ಅಂತ
ಅಂಗೈ ಮೂಗಿಗೆ ಹಿಡಿದು ನಕ್ಕಳು.
ಹನ್ನೊಂದು ಗೀಟು, ಹನ್ನೊಂದು ವರ್ಷ, ಎಡಗಡೆ ಹಿಂದೆ ನಿಲ್ಲೋಳು.
ಗೋಲು? ಅಂದೆ. ಎರಡು ಬೆರಳು ಎತ್ತಿದ್ಲು,
ಒಂದು ಮಡಚಿದ್ಲು: ಅದು ತನ್ನವರ ಬಲೆಗೇ ಬಿದ್ದದ್ದಂತೆ.

ದೇಶದ ಅಂಗಿ ಒಂದೇ ಸಲ ತೊಟ್ಟಿದ್ಲು,
ಬೆಂಚಿನ ಮ್ಯಾಲೆ. ಎಂಬತ್ತೆಂಟನೇ ನಿಮಿಷಕ್ಕೆ ಏಳು ಅಂದ್ರು.
ಬಂದು ನಿಂತ್ಲು, ಬೂಟಿನ ತುದಿ ಸುಣ್ಣದ ಮ್ಯಾಲೆ.
ಚೆಂಡು ಹೊರಗೆ ಹೋಗಲೇ ಇಲ್ಲ. ಸೀಟಿ ಊದಿಬಿಟ್ರು.
ಮರುವರ್ಷ ಮೊಣಕಾಲು. ಪ್ಯಾಂಟು ಸರಿಸಿ ತೋರಿಸಿದ್ಲು,
ಗೋಣಿಚೀಲ ಹೊಲಿದಂಗೆ ಎರಡು ಹೊಲಿಗೆ.
ಕೊನೇ ಆಟಕ್ಕೆ ಬಂದ ಜನ ಮುನ್ನೂರ ಹನ್ನೆರಡು.
ಅದನ್ನೂ ಬರೆದ್ಲು, ಸೊನ್ನೆ ಮರೆತಂಗೆ ಒಂದು ಗಳಿಗೆ ನಿಂತು.

ಪಾಪ, ಒಳಗೆ ಹೋಗಲೇ ಇಲ್ಲಲ್ಲ ತಾಯಿ, ಅಂದೆ.
ಏನು ತಿಳೀತೋ. ಗೆರೆ ಮ್ಯಾಲೆ ಚೆಂಡಿಟ್ಟು
ಬೇಡ, ಬೇಡ, ಅಂತ ಕೈ ಆಡಿಸಿದ್ಲು:
ಇದು ಹೊರಗಲ್ಲ. ಗೆರೆಯೂ ಮೈದಾನದ್ದೇ.

ವಡ್ಡಿನ ಹುಲಿಗೆಮ್ಮಗೆ ಸಿಟ್ಟು:
ಹಿಂದೆ ನಿಂತೋರ ಹೆಸರು ಯಾವ ಪೇಪರಿನಾಗೆ ಬರ್ತದೆ?
ಮುಂದೆ ಆಡ್ತೀನಿ. ಬೇಡ. ಆಡ್ತೀನಿ. ಎಡಕ್ಕೆ.
ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದ್ಲು,
ಯಾಕೆ ಅಂತ ಯಾರೂ ಕೇಳಲಿಲ್ಲ. ಊಟ ಆತಾ?

ಬಳ್ಳಾರಿ ತಂಡದ ಜೊತೆ ಮ್ಯಾಚು. ಒಂದೊಂದು ಗೋಲು.
ಕೊನೇ ಗಳಿಗೆ, ಕೀಪರ್ ಮಾಬುನ್ನಿ ಕೈತಪ್ಪಿದ ಚೆಂಡನ್ನ
ಹುಲಿಗೆಮ್ಮ ಜಾರಿಕೊಂಡು ಹೋಗಿ ಕಾಲಿಂದ ಎಳಕೊಂಡ್ಲು.
ಒಳಗಾ? ಹೊರಗಾ? ಗೆರೆ ಕೆಂಪಿನಾಗೆ ಮುಚ್ಚಿಹೋಗಿತ್ತು.
ರೆಫ್ರಿ ಕರೆದ: ಅಜ್ಜಾ, ನಿನ್ನ ಗೆರೆ ಎಲ್ಲೈತೆ?
ಮಂಡಿಯೂರಿ ಉಫ್ ಅಂತ ಊದಿದೆ.
ಜಾರಿದ ಗುರುತು ಸುಣ್ಣದಾಚೆ
ಒಂದು ಚೆಂಡಿನ ಮ್ಯಾಲೆ ನಾಕು ಬೆರಳು ಹೋಗಿತ್ತು.
ಹುಡುಗಿ ನನ್ನ ಮುಖಾನೇ ನೋಡ್ತಿದ್ಲು, ತುಟಿಯೆಲ್ಲ ಧೂಳು.
ಗೋಲು, ಅಂದೆ.
ಸೋತ್ವಿ.

ವಾರಗಟ್ಟಲೆ ವಡ್ಡಿನಾಗೆ ಯಾರೂ ನಂಗೆ ಚಾ ಕೊಡ್ಲಿಲ್ಲ.
ಚಿಯಾರಕ್ಕ ಮಾತ್ರ ಖಾಲಿ ಮೈದಾನದಾಗೆ ಎದುರಿಗೆ ಬಂದು
ಸೊಂಟ ಬಗ್ಗಿಸಿ, ಬಾಳ ಹೊತ್ತು, ಹಂಗೇ ಇದ್ಲು.
ಏನು ಮಾಡ್ಬೇಕೋ ತಿಳೀದೆ ಡಬ್ಬಿ ಕೆಳಗಿಟ್ಟೆ.

ಗಂಡನ ಕೆಲಸ ಮುಗೀತು, ಹೋದ್ಲು.
ಈಗ ಹುಲಿಗೆಮ್ಮ ಆಟ ಮುಗಿಸಿ ಗೆರೆ ದಾಟಿದ ಮ್ಯಾಲೆ
ತಿರುಗಿ ನೆಲಕ್ಕೆ ಬಗ್ತಾಳೆ. ಸಣ್ಣವು ಕಿಸಕ್ಕಂತ ನಗ್ತವೆ,
ನಕ್ಕು ಅವೂ ಬಗ್ತವೆ.
ನೀನೂ ಬಾ ಅಜ್ಜಾ, ಅಂತಾವೆ.
ನಡೀರಿ ನಡೀರಿ, ನಂಗೆ ಕೆಲಸ ಐತೆ.
ಸುಣ್ಣ ಎಳೆಯೋನು
ಹೆಂಗೂ ಬಗ್ಗೇ ಇರ್ತಾನೆ.