ಮೊಸಳೆಯ ಹಲ್ಲು

ಬೆನಾಲಾ ಊರಿನಲ್ಲಿ ನಾನು ಹಲ್ಲು ಮಾಡುತ್ತೇನೆ.
ಕೀಳುವವಳಲ್ಲ, ಹಿಂಬದಿಯ ಕೋಣೆಯಲ್ಲಿ ಮೇಣ ಕರಗಿಸಿ
ಕಂಡೇ ಇರದ ಬಾಯಿಗಳಿಗೆ
ಪಿಂಗಾಣಿ ತಿದ್ದುವವಳು.
ಕೂದಲೆಳೆ ಹೆಚ್ಚಾದರೂ ಕಚ್ಚು ಕೂರುವುದಿಲ್ಲ.

ಐವತ್ತೊಂದಕ್ಕೆ ಹಳೇ ಪೋರ್ಷೆಯೊಂದನ್ನು ಕೊಂಡೆ.
ಕೇಮನ್. ಹೆಸರಿಗೆ ಮೊಸಳೆ, ಬಣ್ಣವೂ ಬಂಡೆಯದೇ.
"ಹುಚ್ಚೇನೇ ನಿನಗೆ?" ಮೆಲ್ಬರ್ನಿನ ತಂಗಿ,
"ಆ ದುಡ್ಡಿಗೆ ಅಡಿಗೆಮನೆ ಹೊಸದಾಗುತ್ತಿತ್ತು."
ಆಗುತ್ತಿತ್ತು.
ಅಡಿಗೆಮನೆಯನ್ನು ತಿರುವಿನಲ್ಲಿ ಓಡಿಸಲು ಬರುವುದಿಲ್ಲ.

ಮಾರಿದವನು ಮರ್ವ್ ಟ್ರಾಂಟರ್,
ವಯೊಲೆಟ್ ಟೌನಿನ ದನದ ಡಾಕ್ಟರು.
ಈಗ ಕತ್ತು ತಿರುಗದು, ಹೆಲ್ಮೆಟ್ ಹೊರದು.
ಕೀಲಿಯ ಜೊತೆ ಒಂದು ನೋಟ್‌ಬುಕ್ ಇಟ್ಟ,
ಮೊದಲರ್ಧ ಹಸು ಕರುಗಳ ಲೆಕ್ಕ, ಆಮೇಲೆ ಹನ್ನೊಂದು ವರ್ಷ
ಪೆನ್ಸಿಲ್ಲಿನಲ್ಲಿ ಕಾರು:
ಆಯಿಲ್ ಬದಲು. ಮುಂದಿನ ಪ್ಯಾಡ್ ನಾಲ್ಕು ಮಿಲಿಮೀಟರ್.
ವಿಂಟನ್ ಟ್ರ್ಯಾಕ್, ಹದಿನಾಲ್ಕು ಸುತ್ತು, ಬಿಸಿಲು.
ವಿಂಟನ್, ಆರು ಸುತ್ತು, ಮಳೆ. ಹೆದರಿದೆ. ಮನೆಗೆ ಬಂದೆ.

ನಾನು ಬಲಗಡೆ ಹಿಂದಿನ ಚಕ್ರದ ಮೇಲೆ ಬೆರಳಾಡಿಸಿದೆ.
ಬಣ್ಣ ಅದೇ, ಹೊಳಪೂ ಅದೇ.
ಆದರೆ ಪಕ್ಕದ್ದು ಹುಟ್ಟಿದ ಹಲ್ಲು, ಇದು ಕೂರಿಸಿದ್ದು.
ಮೆಕ್ಯಾನಿಕ್ ಡಾರಿಯೊನಿಂದ ಎರವಲು ತಂದ ಮಾಪಕ ಒತ್ತಿದೆ:
ಬಾಗಿಲಿಗೆ ನೂರಹತ್ತು ಮೈಕ್ರಾನ್,
ಇಲ್ಲಿ ಮುನ್ನೂರ ನಲವತ್ತು.
ಒಳ್ಳೇ ಕೆಲಸ. ನನ್ನ ಕಸುಬಿನವನೇ ಯಾರೋ.

"ಇದು ಪುಸ್ತಕದಲ್ಲಿಲ್ಲ."
ಮುದುಕ ಶೆಡ್ಡಿನ ತಗಡು ನೋಡಿದ.
"ಮಗಳು ಓಡಿಸುತ್ತಿದ್ದಳು. ಹತ್ತೊಂಬತ್ತಾಗಿತ್ತು.
ಅವಳಿಗೇನೂ ಆಗಲಿಲ್ಲ.
ಏನೂ ಆಗದ್ದನ್ನು ಹೇಗೆ ಬರೆಯುವುದು?"
ಮೂರು ಸಾವಿರ ಇಳಿಸಿದ.
ನಾನು ಕೇಳಿರಲಿಲ್ಲ. ಬೇಡವೆನ್ನಲೂ ಇಲ್ಲ.

ಶಾಲೆಯ ಮುಂದೆ ನಲವತ್ತು, ಕೆರೆಯ ಬದಿ ಐವತ್ತು,
ಗುಲಾಬಿ ತೋಟದೆದುರು ಬಸ್ಸಿನ ಬಾಲ ಹಿಡಿದು
ಮುನ್ನೂರು ಕುದುರೆಗಳನ್ನು ಹಗ್ಗ ಕಟ್ಟಿ ಮೇಯಿಸಿದ ಹಾಗೆ.
ಕ್ಲಚ್ಚು ಕಲ್ಲು, ಎಡ ಮೊಣಕಾಲು ಬೈಯುತ್ತದೆ.
ಹಾಲು ಮುಂದಿನ ಡಿಕ್ಕಿಗೆ;
ಹಿಂದಿಟ್ಟರೆ ಮನೆ ಸೇರುವಷ್ಟರಲ್ಲಿ ಮೊಸರು.
ರಾತ್ರಿ ಸಿಮೆಂಟಿನ ಮೇಲೆ ತೊಟ್ಟು ತೊಟ್ಟು ಎಣ್ಣೆ.
"ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು," ಅಂದ ಡಾರಿಯೊ.
ರೇಟು ಕೇಳಿ ಎದೆ ಧಸಕ್ಕೆಂದಿತು.
ಮೊಸಳೆ ಕಣ್ಣೀರೆಂದರೆ ಇದೇ ಇರಬೇಕು:
ನಂಬುವ ಹಾಗಿಲ್ಲ,
ಒರೆಸದೆ ಇರುವ ಹಾಗೂ ಇಲ್ಲ.

ಜುಲೈ ತಿಂಗಳ ಚಳಿ. ವಿಂಟನ್.
ಜೌಗಿನಲ್ಲಿ ಒಣಗಿ ನಿಂತ ನೀಲಗಿರಿ ಮರಗಳು.
ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರಿನ ಸದ್ದು.
ಮೊದಲ ಸುತ್ತಿಗೆ ಕಾರು ನನ್ನ ಗುರುತು ಹಿಡಿಯಲಿಲ್ಲ.
ನಾಲ್ಕನೆಯದಕ್ಕೆ ಟೈರು ಕಾದು ನೆಲ ಹಿಡಿಯಿತು,
ಆನೆಯ ಕಾಲಿಗೆ ಬಿದ್ದ ಆ ಹಳೇ ಪಟ್ಟು.
ಮೇಲ್ದವಡೆ ಕೆಳದವಡೆ ಕೂಡಿದ ಹಾಗೆ
ರಸ್ತೆಗೂ ರಬ್ಬರಿಗೂ ಕಚ್ಚು ಕೂತಿತು,
ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.
ಹಿಗ್ಗಿದೆ.
ಹಿಗ್ಗಿದ್ದಕ್ಕೇ ಕಾಲು ಸಡಿಲಾಯಿತು,
ತಿರುವಿನ ನಟ್ಟನಡುವೆ.

ಹಿಂದಿನದು ಮುಂದೆ ಬಂತು.
ಬೇಲಿ, ಆಕಾಶ, ಬೇಲಿ, ಹಳದಿ ಬಾವುಟ, ಮತ್ತೆ ಬೇಲಿ.
ಹುಲ್ಲಿನಲ್ಲಿ ಇಂಜಿನ್ ಆರಿತು.
ಗುಲಾಬಿ ಎದೆಯ ಗಿಣಿಗಳು ಕಿರುಚುತ್ತಾ ಎದ್ದವು.
ನಾಲಗೆ ಹಲ್ಲುಗಳನ್ನು ಒಂದೊಂದಾಗಿ ಎಣಿಸಿತು.
ಎಲ್ಲವೂ ಇದ್ದವು.
ಡಾರಿಯೊ ಓಡಿ ಬಂದು ಮೊದಲು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ
ಆಮೇಲೆ "ನೀನು?" ಅಂದ.

ಸಂಜೆ ಪೆನ್ಸಿಲ್ ಮೊನೆ ಮಾಡಿದೆ.
ವಿಂಟನ್, ಒಂಬತ್ತು ಸುತ್ತು, ಮೋಡ.
ಹಿಂದಿನ ಎಡ ಟೈರು ಎರಡು ಮಿಲಿಮೀಟರ್.
ಅಷ್ಟು ಬರೆದು ಕೈ ನಿಂತಿತು.
ಮರ್ವ್‌ಗೆ ಫೋನು ಮಾಡಿದೆ.
"ಹೇಗಿದೆ ಗಾಡಿ?"
"ಚೆನ್ನಾಗಿದೆ. ಏನೂ ಆಗಲಿಲ್ಲ."
ಆ ಕಡೆ ಯಾವುದೋ ಕರು ಕೂಗಿತು.
ತುಸು ಹೊತ್ತು ಬಿಟ್ಟು ಅವನು ಕೇಳಿದ,
"ಎಷ್ಟನೇ ತಿರುವು?"