ನೂರು ಮಿಲಿಗ್ರಾಂ

ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ ಕೂತು
ಹಡಗಿನ ಹೊಟ್ಟೆಯಿಂದ ಕಂಟೇನರ್ ಎತ್ತುವವನು ನಾನು.
ಸೊಹಾರ್ ಬಂದರು. ಕೆಳಗೆ ಎಲ್ಲರೂ ಇರುವೆ.
ಮೇಲೆ ಪಾಯಖಾನೆ ಇಲ್ಲ;
ಹನ್ನೊಂದು ವರ್ಷ ನೀರನ್ನು
ಸಾಲ ತೀರಿಸುವವನ ಹಾಗೆ ಕುಡಿದೆ,
ಆದಷ್ಟು ಕಡಿಮೆ, ಆದಷ್ಟು ತಡವಾಗಿ.

ಕಾಲು ಲೆಕ್ಕ ಇಟ್ಟುಕೊಂಡಿತ್ತು.

ಒಂದು ರಾತ್ರಿ ಕ್ಯಾಂಪಿನಲ್ಲಿ
ಬಲಗಾಲ ಹೆಬ್ಬೆರಳು ಕುಲುಮೆಯಾಯಿತು.
ಎಸಿ ಗಾಳಿಗೆ ಅಲುಗಿದ ಹೊದಿಕೆಯ ಅಂಚು ತಾಗಿದ್ದಕ್ಕೇ
ಗಂಗೊಳ್ಳಿಯ ಅಳಿವೆಗೆ ಕೇಳುವಷ್ಟು ಕೂಗಿದೆ.
ಮೇಲಿನ ಬಂಕಿನಿಂದ ಜರಾವರ್ ಖಾನ್ ಇಳಿದು
ಟಾರ್ಚ್ ಹಿಡಿದು ಕೇಳಿದ: "ಚೇಳಾ?"
ಚೇಳಾಗಿದ್ದರೆ ಚಪ್ಪಲಿ ಸಾಕಿತ್ತು.

ಗೌಟ್ ಅಂದರು ಡಾಕ್ಟರು. ಗಂಟಿನಲ್ಲಿ ಹರಳು.
ಆಗರದಲ್ಲಿ ನೀರು ಬತ್ತಿ ಉಪ್ಪು ಕೂರುವುದನ್ನು
ಸಣ್ಣವನಿದ್ದಾಗ ನೋಡಿದ್ದೆ.
ಅದೇ ಬೇಸಾಯ, ನನ್ನ ಬೆರಳೊಳಗೆ, ನನಗೆ ಹೇಳದೆ.

ಮದ್ದಿನಂಗಡಿಯ ಲವೀನಾ ಕ್ವಾಡ್ರಸ್, ಶಿರ್ವದವಳು,
ಚೀಟಿ ಓದಿ ನನ್ನನ್ನೇ ಓದತೊಡಗಿದಳು:
ಬಿಪಿಗೆ ಏನು ತಿಂತೀರಿ? ಕಿಡ್ನಿ ಪರೀಕ್ಷೆ ಆಯ್ತಾ?
ಊರಿಂದ ತಂದ ಕಷಾಯ, ಪುಡಿ?
ಇಮಿಗ್ರೇಷನ್‌ನವನೂ ಇಷ್ಟು ಕೇಳಿರಲಿಲ್ಲ.
"ಇದು ನೋವಿನ ಮಾತ್ರೆಯಲ್ಲ,
ನೋವಿಲ್ಲದ ದಿನದ ಮಾತ್ರೆ. ದಿನಾ, ಊಟವಾದ ಮೇಲೆ, ತುಂಬ ನೀರು.
ಮರೆತರೆ ಮರುದಿನ ಎರಡು ನುಂಗಬೇಡಿ.
ಮೈಯಲ್ಲಿ ದದ್ದು ಎದ್ದರೆ ನಾಳೆ ಅನ್ನಬೇಡಿ,
ಮಾತ್ರೆ ನಿಲ್ಲಿಸಿ, ಆವತ್ತೇ ಆಸ್ಪತ್ರೆಗೆ."

ಮೂರನೇ ವಾರ ಕುಲುಮೆ ಮತ್ತೆ ಹತ್ತಿತು.
ಮೋಸದ ಮದ್ದು ಅಂತ ಕಸದ ಬುಟ್ಟಿಯವರೆಗೆ
ಒಂಟಿಗಾಲಲ್ಲಿ ಕುಂಟಿ, ಅಲ್ಲಿಂದಲೇ ಫೋನ್ ಮಾಡಿದೆ.
"ಹಳೆ ಹರಳು ಕರಗುವಾಗ ಒದೆಯುತ್ತೆ. ನಿಲ್ಲಿಸಬೇಡಿ.
ಜೊತೆಗೆ ಬರೆದ ಇನ್ನೊಂದು ಸಣ್ಣ ಮಾತ್ರೆ,
ಅದನ್ನು ತಗೊಳ್ತಾ ಇದ್ದೀರಲ್ಲ?"
ನಾನು ಮಾತಾಡಲಿಲ್ಲ.
ಅದು ಪೆಟ್ಟಿಗೆಯಲ್ಲಿತ್ತು, ಸೀಲೂ ಒಡೆಯದೆ.
ಒಂದೇ ಸಾಕು ಅಂತ ತೀರ್ಮಾನಿಸಿದ ಡಾಕ್ಟರು ನಾನೇ.

ಇನ್ನೊಂದು ರಾತ್ರಿ ಎದೆಯ ಮೇಲೆ ಕೆಂಪು ಪಟ್ಟಿ ಕಂಡಿತು.
ಮೂರು ರಿಯಾಲ್ ಟ್ಯಾಕ್ಸಿ, ಬೆವರು, ದೇವರು.
ಡಾಕ್ಟರು ಬೆರಳಲ್ಲಿ ಒತ್ತಿ ನೋಡಿ
"ಸೊಂಟದಲ್ಲೂ ಇದೆಯಾ?" ಅಂದರು. ಇತ್ತು.
ಸೇಫ್ಟಿ ಬೆಲ್ಟ್ ಉಜ್ಜಿದ ಬೆವರುಸಾಲೆ.
ನಾಚಿ ಅಂಗಿಗುಂಡಿ ಹಾಕಿಕೊಳ್ಳುತ್ತಿದ್ದರೆ ಹೇಳಿದರು:
"ಹತ್ತು ಸಲ ಸುಮ್ಮನೆ ಬನ್ನಿ. ಒಂದು ಸಲ ಬಾರದೆ ಇರಬೇಡಿ."

ಜರಾವರನಿಗೂ ಮೊಣಕಾಲು ನೋವು.
"ಒಂದು ಕೊಡು ಭಾಯಿ."
ಅಕ್ಕಿ, ಎಣ್ಣೆ, ಸಿಮ್ ಕಾರ್ಡು, ಅವನ ಅಪ್ಪ ಸತ್ತ ದಿನ
ನನ್ನ ಹೆಗಲು, ಎಲ್ಲ ಹಂಚಿಕೊಂಡ ಕೋಣೆ ಅದು.
ಇದನ್ನು ಕೊಡಲಿಲ್ಲ.
ಎರಡು ದಿನ ಮುಖ ತಿರುಗಿಸಿದ.
ಮೂರನೇ ದಿನ ಕ್ಲಿನಿಕ್ಕಿಗೆ ಕರಕೊಂಡು ಹೋದೆ;
ಅವನ ಮೊಣಕಾಲು ಬೇರೆಯೇ ಕತೆ ಹೇಳಿತು.

ಶುಕ್ರವಾರ ಖರ್ಜೂರದ ತೋಟದ ಕಡೆ ನಡೆಯುತ್ತೇನೆ.
ಫಲಜ್ ಕಾಲುವೆಗೆ ಮುದುಕನೊಬ್ಬ
ಬಟ್ಟೆ ಸುತ್ತಿದ ಕಲ್ಲು ಅಡ್ಡ ಇಟ್ಟು ನೀರು ತಿರುಗಿಸುತ್ತಾನೆ.
ಈ ತೋಟಕ್ಕಿಷ್ಟು ಹೊತ್ತು, ಆ ತೋಟಕ್ಕಿಷ್ಟು.
ಬಾಯಾರಿದೆ ಅಂತ ನೆರೆ ಹರಿಸುವುದಿಲ್ಲ,
ಹಸಿರಾಯಿತು ಅಂತ ನಿಲ್ಲಿಸುವುದೂ ಇಲ್ಲ.
ಪಾಳಿ. ನಮ್ಮ ಬಂದರಿನಲ್ಲೂ ಅದೇ ಮಾತು.

ನೂರು ಈಗ ಇನ್ನೂರಾಗಿದೆ.
ನಾನು ಏರಿಸಿದ್ದಲ್ಲ, ರಕ್ತ ನೋಡಿ ಅವರು ಏರಿಸಿದ್ದು.
ರಾತ್ರಿ ಫೋನಿನಲ್ಲಿ ಸುಜಾತಳ ಮೊದಲ ಮಾತು
"ಗುಳ್ಗಿ ತಿಂದ್ರ್ಯಾ?" ದುಡ್ಡಿನ ಮಾತು ಆಮೇಲೆ.
ಬೈಗೆ ಮೀನಿನ ಸುದ್ದಿ ಎತ್ತುವುದೇ ಇಲ್ಲ, ಪುಣ್ಯಾತ್ಗಿತ್ತಿ.

ಪಾಳಿಯ ನಡುವೆ ಎರಡು ಸಲ ಇಳಿಯುತ್ತೇನೆ,
ಬರಿದಾದ ಬಾಟಲಿ ಹಿಡಿದು, ಉಚ್ಚೆ ಹೊಯ್ಯಲು.
ಫೋರ್‌ಮನ್ ಗಡಿಯಾರ ನೋಡುತ್ತಾನೆ.
ನಾನು ಬೂಟಿನೊಳಗೆ ಕಿವಿಗೊಡುತ್ತೇನೆ:
ನೂರಾ ತೊಂಬತ್ತು ಮೆಟ್ಟಿಲು,
ಒಂದಕ್ಕೂ
ತುಟಿ ಬಿಚ್ಚುವುದಿಲ್ಲ ಹೆಬ್ಬೆರಳು.