ಒಂದಾಳು ಆಳ

ವಾರ್ಜೆ ನಾಕಾದಾಗ ಬೆಳಕು ಹರಿಯೂಕಿಂತ ಮೊದಲ
ದರ ಹರದಿರ್ತದ:
ಗಂಡಾಳಿಗೆ ಏಳುನೂರು, ಹೆಣ್ಣಾಳಿಗೆ ಐದುನೂರು.
ಟೆಂಪೋದಾಗ ಮಾತ್ರ ಒಬ್ಬರ ಮ್ಯಾಲ ಒಬ್ಬರು,
ಅಲ್ಲಿ ಯಾರ ಮೊಣಕೈಗೂ ರಿಯಾಯತಿ ಇಲ್ಲ.

ಹಾಜರಿ ಬರಿಯಾಕಿ ನಾನು.
ಏಳನೆತ್ತಾ ಕಲ್ತಾಳಂತ ಸೋದರಮಾವ ಸಾಯಬಣ್ಣ
ಪೆನ್ನು ಕೊಟ್ಟಾನ, ಪುಟ್ಟಿ ಬಿಡಿಸಿಲ್ಲ.
ಹಗಲೆಲ್ಲಾ ಹೊರೂದು, ಸಂಜಿಗಿ ಬರಿಯೂದು.
ಪುಟಕ್ಕ ಎರಡು ಖಾನೆ. ನಡುವಿನ ಗೆರಿಗೆ
ಪಟ್ಟಿ ಯಾಕ, ಬೀಡಿ ಕಟ್ಟಿನ ಅಂಚು ಸಾಕು.
ನನ್ನ ಹೆಸರು ನಾನ ಬರಕೋತೀನಿ
ಎಡಗಡೆ, ಐದುನೂರರ ಸಾಲಿನ್ಯಾಗ,
ಅಕ್ಷರ ದುಂಡಗ.

ಸಿಂಹಗಡ ರಸ್ತಾದಾಗ ಆ ವಾರ ನೀರಿನ ಟಾಕಿಗೆ ತಗ್ಗು.
'ಒಂದಾಳು ಆಳ ಇರ್ಲಿ' ಅಂದಿದ್ದ ಮಾವ.
ಮಲಕಪ್ಪ ಗುದ್ದಲಿ ಹಾಕಿದ,
ಭೌರಮ್ಮ ಪುಟ್ಟಿ ತುಂಬಿ ಮ್ಯಾಲ ಎತ್ತಿದಳು,
ನಾವು ನಾಕು ಮಂದಿ ಹೊತ್ತು ಚೆಲ್ಲಿದೆವು.
ಗುದ್ದಲಿ ಹಿಡದಾಂವ ತಾಸಿಗೊಮ್ಮೆ ಬೀಡಿ ಹಚ್ಚತಾನ.
ಪುಟ್ಟಿ ನಿಂತ್ರ ಕೆಲಸ ನಿಲ್ತದ,
ಅದಕ್ಕ ಪುಟ್ಟಿ ನಿಲ್ಲೂದಿಲ್ಲ.

ಮೂರನೇ ದಿನ ಆಳ ನೋಡಬೇಕಾತು.
ಟೇಪು ಇಂಜಿನಿಯರನ ಗಾಡ್ಯಾಗ, ಇಂಜಿನಿಯರ ಊಟಕ್ಕ.
ಇದ್ದವರಾಗ ಭೌರಮ್ಮನ ಎತ್ತರ,
ಮಲಕಪ್ಪ ಆಕಿ ಕಿವಿಮಟ.
'ನೀನ ನಿಂದರವಾ' ಅಂದ ಮಾವ.
ನಿಂತಳು. ಸೆರಗು ಕಾಣಲಿಲ್ಲ, ಸಿಂಬಿ ಕಾಣಲಿಲ್ಲ.
'ಆತು ನೋಡು, ಒಂದಾಳು ಆತು!'

ತಗ್ಗಿನ್ಯಾಗಿಂದ ಮಾತು ಬಂತು:
'ಅಳಿಲಾಕ ನಾ ಪೂರಾ ಆಳು, ಸಾಯಬಣ್ಣ.
ಪಗಾರಕ್ಕ ಎಷ್ಟಾಳು?'

ಎಲ್ಲಾರೂ ನಕ್ಕರು. ಮಲಕಪ್ಪನೂ ನಕ್ಕ,
ಆಮ್ಯಾಲ ನಿಲ್ಲಿಸಿದ.
ಇಬ್ಬರದೂ ಹನ್ನೆರಡುನೂರು ಅವನ ಕೈಗೇ ಬರ್ತಿತ್ತು;
ಅದರಾಗ ಗೆರಿ ಎಲ್ಲಿ ಅಂತ
ಅವ ಎಂದೂ ನೋಡಿರಲಿಲ್ಲ.

ಮಾವ ಹೇಳಿದ್ದು: ಬಿಲ್ಡರ ಕೊಡೂದ ಹಂಗ.
ಮಾವ ಹೇಳಿದ್ದು: ನಾಕಾದ ದರ, ನಂದಲ್ಲ.
ಮಾವ ಹೇಳಿದ್ದು: ನಸುಕಿನ್ಯಾಗ ರೊಟ್ಟಿ ಬಡದು ಬರ್ತೀರಿ,
ಅರ್ಧಾ ದಣದ ಬರ್ತೀರಿ.
'ಆ ರೊಟ್ಟಿ ತಿಂದಾಂವಗ ಏಳುನೂರು' ಅಂದಳು ಭೌರಮ್ಮ,
ಇನ್ನೂ ತಗ್ಗಿನ್ಯಾಗ ನಿಂತು. ಏಣಿ ಕೊಟ್ರೂ ಏರಲಿಲ್ಲ.
ಕಾಂಕ್ರೀಟಿನ ಗಾಡಿ ಬಂದು ಹಾರ್ನ್ ಹೊಡೀತು.
ನಾವು ನಾಕೂ ಮಂದಿ ಸಿಂಬಿ ಬಿಚ್ಚಿ
ತಗ್ಗಿನ ದಂಡಿಗೆ ಕುಂತೆವು, ಕಾಲು ಇಳಿಬಿಟ್ಟು.

ಐವತ್ತು ಏರೇತಿ. ಅಷ್ಟ.
ಗೆದ್ದೆವು ಅನ್ನೂ ಹಂಗಿಲ್ಲ,
ಸೋತೆವು ಅಂದ್ರ ಭೌರಮ್ಮ ಬೈತಾಳ.
ಈಗ ಆಕಿ ಪಗಾರ ಆಕಿ ಕೈಗೆ,
ಮೊದಲ ಶನಿವಾರ ಎರಡು ಸಲ ಎಣಿಸಿ
ಮೂರನೇ ಸಲ ಮಲಕಪ್ಪನ ಕಡೆ ಎಣಿಸಿದಳು.

ಟಾಕಿಗೆ ಮುಚ್ಚಳ ಬಿದ್ದೇತಿ, ಮ್ಯಾಲ ಕಾರು ನಿಲ್ತಾವ.
ಹನ್ನೊಂದನೇ ಮಾಳಗಿಯಾಗ ಯಾರೋ ನಳ ತಿರುವಿದ್ರ
ಭೌರಮ್ಮನ ಎತ್ತರದಿಂದ ಒಂದು ಬೆರಳು ಇಳೀತದ.

ನಾನು ಹೊಸಾ ಪಟ್ಟಿ ತಂದೀನಿ, ಮರದ್ದು.
ಮೂರನೇ ಖಾನೆ ಎಳದೀನಿ, ಮಾವ ಕೇಳಿಲ್ಲ ಇನ್ನೂ.
ಪ್ರತಿ ಹೆಣ್ಣಾಳಿನ ಹೆಸರಿನ ಮುಂದ, ದಿನಾ,
ನೂರೈವತ್ತು, ಬಾಕಿ.